ಬೆರಿ ಬೀಜದ ಎಣ್ಣೆಯೋ, ನಮ್ಮ ಕುಸುಬಿಯೋ?

ರಾಸ್‌ಬೆರಿ ಬೀಜದ ಎಣ್ಣೆಯ ಪುಟ್ಟ ಸೀಸೆಯನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡು ಮನೆಯಲ್ಲೇ ಮುಖಕ್ಕೆ ಹಚ್ಚುವ ಎಣ್ಣೆ ಬೆರೆಸುವುದು ಇವತ್ತು ಹಾವೇರಿ, ರಾಣೆಬೆನ್ನೂರಿನಲ್ಲೂ ಕಷ್ಟವಲ್ಲ. ಅಂಗಡಿ ಕ್ರೀಮಿನ ಬದಲು ತನ್ನ ಚರ್ಮಕ್ಕೆ ಏನು ಹಚ್ಚುತ್ತಿದ್ದೇನೆಂದು ತಿಳಿದು ಹಚ್ಚುವ ಈ ಅಭ್ಯಾಸ ಒಳ್ಳೆಯದೇ. ಆದರೆ ಆ ಸೀಸೆಗೆ ಕೊಡುವ ದುಡ್ಡು ಸಾರ್ಥಕವೇ?

ಎಣ್ಣೆಯ ಗುಣ ಸುಳ್ಳಲ್ಲ. ಅದರಲ್ಲಿ ಸುಮಾರು ಅರ್ಧದಷ್ಟು ಲಿನೋಲೆಯಿಕ್ ಆಮ್ಲವಿದೆ. ಚರ್ಮದ ತೇವ ಆರಿಹೋಗದಂತೆ ಕಾಯುವ ಹೊರಪದರಕ್ಕೆ ಅದು ಬೇಕೇ ಬೇಕು. ಆದರೆ ನಮ್ಮ ಸಾಮಾನ್ಯ ಕುಸುಬಿ ತಳಿಗಳ ಎಣ್ಣೆಯಲ್ಲಿ ಇದೇ ಆಮ್ಲ ಶೇ. 70ರ ಆಸುಪಾಸಿನಲ್ಲಿದೆ. ಹಿಂಗಾರಿ ಜೋಳ, ಕಡಲೆಯ ಎರೆಹೊಲದಲ್ಲಿ ಅಕ್ಕಡಿ ಸಾಲಾಗಿ, ದನ ನುಗ್ಗದಂತೆ ಅಂಚಿಗೆ ಬಿತ್ತುತ್ತ ಬಂದ ಮುಳ್ಳಿನ ಬೆಳೆ ಅದು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಯಸ್ಕರ ಮುಂಗೈಗೆ ಎರಡು ಎಣ್ಣೆ ಹಚ್ಚಿ ನೋಡಿದರು. ಆಲಿವ್ ಎಣ್ಣೆ ಹೊರಪದರವನ್ನು ಸಡಿಲಿಸಿತು. ಲಿನೋಲೆಯಿಕ್ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆ ಅದನ್ನು ಕೆಡಿಸಲಿಲ್ಲ. ಕುಸುಬಿ ಸೂರ್ಯಕಾಂತಿಯ ಕುಟುಂಬದ್ದೇ, ಎಣ್ಣೆಯ ಗುಣವೂ ಹತ್ತಿರದ್ದು.

ಬೆರಿ ಎಣ್ಣೆ ಬಿಸಿಲು ತಡೆಯುತ್ತದೆಂಬ ಮಾತನ್ನಂತೂ ನಂಬಲೇಬಾರದು. 2000ದಲ್ಲಿ ಕೆನಡಾದ ಸಂಶೋಧಕರು ಪ್ರಯೋಗಾಲಯದಲ್ಲಿ ಆ ಎಣ್ಣೆಯ ಮೂಲಕ ಬೆಳಕು ಎಷ್ಟು ಹಾಯುತ್ತದೆಂದು ಅಳೆದರು. ಆ ಅಂಕಿಯನ್ನೇ ಸನ್‌ಸ್ಕ್ರೀನಿನ ಪ್ರಮಾಣಪತ್ರವೆಂಬಂತೆ ಹಂಚಿದ್ದು ತಪ್ಪು. ಅದು ಮನುಷ್ಯರ ಚರ್ಮದ ಮೇಲಿನ ಪರೀಕ್ಷೆಯಲ್ಲ. ಹೊಲದ ಬಿಸಿಲಿಗೆ ಕುಸುಬಿಯೂ ಆಗದು; ಸೆರಗು, ಟೋಪಿ, ಸರಿಯಾದ ಸನ್‌ಸ್ಕ್ರೀನ್ ಬೇಕು.

ಎರಡೂ ಎಣ್ಣೆಗಳ ದೌರ್ಬಲ್ಯ ಒಂದೇ: ಗಾಳಿ, ಬೆಳಕು, ಬಿಸಿ ತಾಗಿದರೆ ಬೇಗ ಕಮಟುತ್ತವೆ. ಕಮಟಿದ ಎಣ್ಣೆ ಚರ್ಮವನ್ನು ಕೆರಳಿಸಬಹುದು. ದೂರದಿಂದ ಬಂದ ಸೀಸೆ ಗೋದಾಮಿನಲ್ಲಿ ಎಷ್ಟು ದಿನ ಕೂತಿತ್ತೆಂದು ಕೊಳ್ಳುವವರಿಗೆ ತಿಳಿಯದು. ಕುಸುಬಿ ಕಾಳಾದರೆ ಸಿಪ್ಪೆಯೊಳಗೆ ಎಣ್ಣೆಯನ್ನು ಕಾಪಾಡಿಕೊಂಡಿರುತ್ತದೆ. ಬೇಕಾದಷ್ಟೇ ಗಾಣಕ್ಕೆ ಹಾಕಿಸಿ, ಕಂದು ಸೀಸೆಯಲ್ಲಿಟ್ಟು ಬೇಗ ಮುಗಿಸಬಹುದು. ಅದಕ್ಕೆ ಲೋಳೆಸರ, ಗುಲಾಬಿ ನೀರು ಬೆರೆಸಿ ಕ್ರೀಮು ಮಾಡಿಡುವುದು ಬೇಡ: ನೀರು ಸೇರಿದಲ್ಲಿ ಸೂಕ್ಷ್ಮಾಣು ಬೆಳೆಯುತ್ತದೆ. ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದೆರಡು ದಿನ ಕಾದು ನೋಡಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಎಣ್ಣೆ ಅಲಂಕಾರಕ್ಕಿಂತ ಹೆಚ್ಚಿನದು. ಖಾರದ ಅಂಶ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಕೈಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಒರೆಸಿ, ಕೂಡಲೇ ಸಾಬೂನು ಹಚ್ಚಿ ತೊಳೆದರೆ ಉರಿ ತಗ್ಗುತ್ತದೆ. ತೊಳೆಯದೆ ಬಿಟ್ಟರೆ ಅದೇ ಎಣ್ಣೆ ಖಾರವನ್ನು ಕಣ್ಣಿನವರೆಗೂ ಒಯ್ಯುತ್ತದೆ. ಈ ಕೆಲಸಕ್ಕೆ ದುಬಾರಿ ಸೀಸೆ ಏಕೆ?

ಚರ್ಮಕ್ಕೆ ಬೇಕಾದದ್ದು ತಾಜಾ ಎಣ್ಣೆ, ಹಣ್ಣಿನ ಹೆಸರಲ್ಲ. ಮುಳ್ಳಿನ ಕೊಯ್ಲಿಗೆ ಆಳು ಸಿಗದೆ ಕುಸುಬಿ ಹೊಲಗಳು ಕಡಿಮೆಯಾಗುತ್ತಿವೆ. ಬೆರಿ ಸೀಸೆಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಕುಸುಬಿ ಬೆಳೆಯುವ ರೈತರಿಗೂ ಗಾಣದವರಿಗೂ ಸೇರಿದರೆ, ಚರ್ಮಕ್ಕೂ ಹೊಲಕ್ಕೂ ಒಳ್ಳೆಯದು.