ಬೆಳ್ಳಿ ತಟ್ಟೆಯ ಬಡತನ

1968ಕ್ಕೆ ಮುಂಚಿನ ಹವ್ಯಾಸಿ ಟೆನಿಸ್ ಯುಗವನ್ನು ಹೊಗಳುವವರು ಈಗಲೂ ಇದ್ದಾರೆ. ದುಡ್ಡಿನ ಸೋಂಕಿಲ್ಲದೆ, ಆಟದ ಮೇಲಿನ ಪ್ರೀತಿಗಾಗಿಯೇ ಆಡುತ್ತಿದ್ದ ಕಾಲ ಅದು ಎನ್ನುತ್ತಾರೆ. ಆ ಯುಗದ ನಿಯಮ ಯಾರನ್ನು ಪೊರೆಯಿತು, ಯಾರನ್ನು ಹೊರಗಿಟ್ಟಿತು ಎಂದು ಕೇಳಿದರೆ ಈ ಹೊಗಳಿಕೆ ನಿಲ್ಲುವುದಿಲ್ಲ.

ಲಾನ್ ಟೆನಿಸ್ ಬೆಳೆದದ್ದೇ ಉಳ್ಳವರ ಅಂಗಳದಲ್ಲಿ. 1874ರಲ್ಲಿ ವಾಲ್ಟರ್ ವಿಂಗ್‌ಫೀಲ್ಡ್ ಪೇಟೆಂಟ್ ಪಡೆದು ನೆಟ್, ರಾಕೆಟ್, ರಬ್ಬರ್ ಚೆಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದರು. ಕೊಂಡವರು ವಿಶಾಲವಾದ ಹುಲ್ಲುಹಾಸೂ ಅದನ್ನು ನೋಡಿಕೊಳ್ಳುವ ಆಳುಗಳೂ ಇದ್ದ ಇಂಗ್ಲೆಂಡಿನ ಮನೆತನಗಳವರು. 1877ರ ಮೊದಲ ವಿಂಬಲ್ಡನ್‌ಗೆ ಹೆಸರು ಕೊಟ್ಟವರು 22 ಗಂಡಸರು. ಹೆಂಗಸರಿಗೆ ಪ್ರವೇಶ ಸಿಕ್ಕಿದ್ದು 1884ರಲ್ಲಿ. ಆಡಿ ಗಳಿಸಬಾರದು, ಗಳಿಸುವ ವೃತ್ತಿಪರರಿಗೆ ಪ್ರಮುಖ ಟೂರ್ನಿಗಳಲ್ಲಿ ಜಾಗವಿಲ್ಲ ಎಂಬ ಕಟ್ಟುಪಾಡು ದುಡಿಯದೆಯೂ ಉಣ್ಣಬಲ್ಲವರಿಗೆ ಭಾರವೇನಲ್ಲ. ದುಡಿದೇ ತಿನ್ನಬೇಕಾದವರು ಬಂದಾಗ ಅದರ ನಿಜಬಣ್ಣ ಬಯಲಾಯಿತು.

ಫ್ರೆಡ್ ಪೆರಿ ಹತ್ತಿ ಗಿರಣಿಯಲ್ಲಿ ದುಡಿದು, ಮುಂದೆ ಲೇಬರ್ ಪಕ್ಷದ ಸಂಸದರಾದವರ ಮಗ. 1934ರಿಂದ ಸತತ ಮೂರು ಸಲ ವಿಂಬಲ್ಡನ್ ಗೆದ್ದರು. ಮೊದಲ ಗೆಲುವಿನ ದಿನ ವಿಂಬಲ್ಡನ್ ನಡೆಸುವ ಕ್ಲಬ್ಬಿನ ಸದಸ್ಯರ ಟೈಯನ್ನು ಯಾರೂ ಕೈಗಿತ್ತು ಅಭಿನಂದಿಸಲಿಲ್ಲ, ಕುರ್ಚಿಯ ಮೇಲೆ ಹಾಕಿಹೋಗಿದ್ದರು ಎಂದು ಪೆರಿ ಮುಂದೆ ನೆನೆದಿದ್ದಾರೆ. 1936ರ ಕೊನೆಯಲ್ಲಿ ವೃತ್ತಿಪರರಾದದ್ದೇ ತಡ, ಆ ಸದಸ್ಯತ್ವವೂ ಹೋಯಿತು. ಅದೇ ಕ್ಲಬ್ಬಿನಲ್ಲಿ ಅವರ ಪ್ರತಿಮೆ ಎದ್ದುನಿಂತದ್ದು 1984ರಲ್ಲಿ.

ಆಲ್ತಿಯಾ ಗಿಬ್ಸನ್ ಕಥೆ ಇನ್ನೂ ಕಠಿಣ. ದಕ್ಷಿಣ ಕೆರೊಲಿನಾದಲ್ಲಿ ಹತ್ತಿ ಬೆಳೆಯುತ್ತಿದ್ದ ಗೇಣಿದಾರರ ಮಗಳು, ನ್ಯೂಯಾರ್ಕಿನ ಹಾರ್ಲೆಮ್ ಬೀದಿಯಲ್ಲಿ ಪ್ಯಾಡಲ್ ಟೆನಿಸ್ ಆಡುತ್ತ ಬೆಳೆದವರು. 1957ರಲ್ಲಿ ವಿಂಬಲ್ಡನ್ ಗೆದ್ದ ಮೊದಲ ಕಪ್ಪು ಆಟಗಾರ್ತಿಯಾಗಿ ರಾಣಿ ಎಲಿಜಬೆತ್ ಕೈಯಿಂದ ಬೆಳ್ಳಿ ತಟ್ಟೆ ಪಡೆದರು. ನ್ಯೂಯಾರ್ಕ್ ಮೆರವಣಿಗೆ ಮಾಡಿತು. ಕಾಸು ಮಾತ್ರ ಇಲ್ಲ. ಮರುವರ್ಷವೂ ಗೆದ್ದು ವೃತ್ತಿಪರರಾದರು. ಬ್ಯಾಸ್ಕೆಟ್‌ಬಾಲ್ ತಂಡವೊಂದರ ಪ್ರವಾಸದಲ್ಲಿ ಪ್ರದರ್ಶನ ಪಂದ್ಯ ಆಡಿದರು, ಹಾಡಿದರು, ಗಾಲ್ಫ್‌ಗೂ ಹೋದರು. 1990ರ ದಶಕದಲ್ಲಿ ಕಾಯಿಲೆಬಿದ್ದಾಗ ಔಷಧಿಗೂ ಕಷ್ಟವಾಗಿ, ಹಳೆಯ ಡಬಲ್ಸ್ ಜೊತೆಗಾರ್ತಿ ಏಂಜೆಲಾ ಬಕ್ಸ್‌ಟನ್ ಜನರ ನೆರವು ಕೇಳಬೇಕಾಯಿತು. ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಮುಡಿಸಿದ ಈ ವ್ಯವಸ್ಥೆಯನ್ನು ಶುದ್ಧವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಅದು ಶುದ್ಧವಾಗಿಯೂ ಇರಲಿಲ್ಲ. ಖರ್ಚಿನ ಹೆಸರಲ್ಲಿ ಸಂಘಟಕರು ಹೆಸರಾಂತ ಹವ್ಯಾಸಿಗಳಿಗೆ ಗುಟ್ಟಾಗಿ ಹಣ ಕೊಡುತ್ತಿದ್ದರು. ಆಟದ ಗುಣಮಟ್ಟಕ್ಕೂ ಪೆಟ್ಟು ಬಿತ್ತು. 1962ರಲ್ಲಿ ನಾಲ್ಕೂ ಪ್ರಮುಖ ಟೂರ್ನಿ ಗೆದ್ದ ರಾಡ್ ಲೇವರ್ ವೃತ್ತಿಪರರಾಗಿ ಐದು ವರ್ಷ ಹೊರಗುಳಿದರು. ಬಾಗಿಲು ತೆರೆದ ಮೇಲೆ 1969ರಲ್ಲಿ ಮತ್ತೆ ನಾಲ್ಕನ್ನೂ ಗೆದ್ದರು. ಹೊರಗುಳಿದ ಆ ಐದು ವರ್ಷಗಳ ಚಾಂಪಿಯನ್ನರು ಅವರನ್ನು ಎದುರಿಸದೆಯೇ ಚಾಂಪಿಯನ್ನರಾದವರು.

1968ರಲ್ಲಿ ವಿಂಬಲ್ಡನ್ ವೃತ್ತಿಪರರನ್ನು ಒಳಬಿಟ್ಟು ಬಹುಮಾನ ಹಣ ಕೊಟ್ಟಿತು: ಪುರುಷರಲ್ಲಿ ಗೆದ್ದ ಲೇವರ್‌ಗೆ 2,000 ಪೌಂಡ್, ಮಹಿಳೆಯರಲ್ಲಿ ಗೆದ್ದ ಬಿಲ್ಲಿ ಜೀನ್ ಕಿಂಗ್‌ಗೆ 750. ಬಡವನಿಗೆ ತೆರೆದ ಬಾಗಿಲು ಹೆಣ್ಣಿಗೆ ಅರ್ಧವೂ ತೆರೆಯಲಿಲ್ಲ. 1970ರಲ್ಲಿ ಕಿಂಗ್ ಸೇರಿ ಒಂಬತ್ತು ಆಟಗಾರ್ತಿಯರು ನಿಷೇಧದ ಬೆದರಿಕೆಗೂ ಜಗ್ಗದೆ ಒಂದೊಂದು ಡಾಲರ್‌ನ ಕರಾರಿಗೆ ಸಹಿ ಹಾಕಿ ಸ್ವಂತ ಹಾದಿ ಹಿಡಿದರು. ಅಮೆರಿಕನ್ ಓಪನ್ 1973ರಲ್ಲೇ ಸಮಾನ ಬಹುಮಾನ ಕೊಟ್ಟಿತು. ವಿಂಬಲ್ಡನ್ ಅಷ್ಟಕ್ಕೆ ಬಂದದ್ದು 2007ರಲ್ಲಿ.

ಹಾಗಾಗಿ 1968ರಲ್ಲಿ ಶುರುವಾದ ಈ ಓಪನ್ ಯುಗವನ್ನು ನಾನು ಮೆಚ್ಚುತ್ತೇನೆ, ಆದರೆ ಪೂರ್ತಿ ಅಂಕ ಕೊಡಲಾರೆ. ಬಾಲ್ಯದಿಂದಲೇ ಕೋಚ್, ಕೋರ್ಟ್, ಪ್ರವಾಸಕ್ಕೆ ಸುರಿಯಬೇಕಾದ ಹಣ ಇಂದಿಗೂ ಬಡ ಮಕ್ಕಳನ್ನು ದೂರವಿಡುತ್ತದೆ. ರ‍್ಯಾಂಕಿಂಗ್‌ನ ಕೆಳಗಿನವರಿಗೆ ಗೆದ್ದ ಹಣ ವಿಮಾನ, ಹೋಟೆಲಿಗೇ ಸಾಲದು. ದೊಡ್ಡ ಟೂರ್ನಿಗಳ ಆದಾಯ ಈ ಕೆಳಹಂತಕ್ಕೂ ಧಾರಾಳವಾಗಿ ಹರಿಯಬೇಕು. ಇಲ್ಲವಾದರೆ ನಿಯಮ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಖರ್ಚೇ ಮಾಡುತ್ತದೆ.