ಕುಕವಿನಿಂದೆಯೂ ಮೂಗರ್ಜಿಯೂ

ನಮ್ಮ ಪ್ರಾಚೀನ ಕವಿಗಳ ಕುಕವಿನಿಂದೆಯನ್ನು ಓದಿದವರಿಗೆ ಒಂದು ಸಂಗತಿ ಸುವಿದಿತವಾಗಿದೆ. ನಿಂದಿಸುವವನು ತನ್ನ ಹೆಸರನ್ನು ಮುಚ್ಚುವುದಿಲ್ಲ. ನಿಂದೆಗೆ ಗುರಿಯಾದವನ ಹೆಸರನ್ನು ಮಾತ್ರ ಹೇಳುವುದಿಲ್ಲ. ನಯಸೇನನು ಧರ್ಮಾಮೃತದಲ್ಲಿ ಕನ್ನಡದೊಡನೆ ಸಕ್ಕದವನ್ನು ಹದವರಿಯದೆ ಬೆರೆಸುವವರನ್ನು ಹಳಿದಿರುವನು. ಅವರು ಇಂಥವರೇ ಎಂದು ಬೆರಳಿಟ್ಟು ತೋರಿಸಲಿಲ್ಲ. ಶಾಸನಗಳ ರೀತಿ ಬೇರೆ. ಉಳವಿಯ ಆಸುಪಾಸಿನ ಸೊರಬ–ಶಿಕಾರಿಪುರ ಸೀಮೆಯಲ್ಲಿಯೇ ಇರುವ ಬಳ್ಳಿಗಾವೆಯ ಕ್ರಿ.ಶ. 1036ರ ಸುಮಾರಿನ ಶಾಸನವು ಲಕುಳೀಶ್ವರ ಪಂಡಿತನನ್ನು ಹೊಗಳುವಾಗ ಬೌದ್ಧ, ಮೀಮಾಂಸಕ, ಲೋಕಾಯತರನ್ನಷ್ಟೇ ಅಲ್ಲದೆ ವಾದಿರಾಜನೇ ಮೊದಲಾದ ಪ್ರತಿವಾದಿಗಳನ್ನೂ ಹೆಸರು ಹಿಡಿದು ಸೋಲಿಸಿಬಿಡುತ್ತದೆ. ಗೆದ್ದವನೂ ಬಿದ್ದವನೂ ಒಂದೇ ಕಲ್ಲಿನ ಮೇಲೆ ನಿಂತಿರುವರು. (ಬಿದ್ದವರ ಕಡೆಯ ಕಲ್ಲು ಬೇರೆ ಕಥೆ ಹೇಳೀತು, ಅದಿರಲಿ.)

ಹೊಡೆದವನು ಮರೆಯಾಗಿ ಹೊಡೆತ ತಿಂದವನೊಬ್ಬನೇ ಬಯಲಿನಲ್ಲಿ ಉಳಿಯುವ ಮೂರನೆಯ ಬಗೆಗೆ ನಮ್ಮ ಕಚೇರಿಗಳಲ್ಲಿ ಮೂಗರ್ಜಿಯೆಂದು ಹೆಸರು. ಅದು ಸಾಹಿತ್ಯದ ಎಣಿಕೆಗೆ ಸೇರದೆಂಬುದು ಸಾಮಾನ್ಯಾಭಿಪ್ರಾಯ. ಈ ಅಭಿಪ್ರಾಯವನ್ನು ಒರೆಗೆ ಹಚ್ಚಲು ಅಮೆರಿಕದ ಮೊದಲ ಪತ್ರಿಕಾಕರ್ತರ ಕಲಹಗಳಿಗಿಂತ ಒಳ್ಳೆಯ ಸಾಮಗ್ರಿ ದೊರೆಯಲಾರದು.

1728ರಲ್ಲಿ ಫಿಲಡೆಲ್ಫಿಯ ನಗರದಲ್ಲಿದ್ದ ಪತ್ರಿಕೆ ಒಂದೇ, ಆಂಡ್ರೂ ಬ್ರಾಡ್‌ಫರ್ಡನ 'ಅಮೆರಿಕನ್ ವೀಕ್ಲಿ ಮರ್ಕ್ಯುರಿ'. ಎರಡನೆಯದನ್ನು ಹೊರಡಿಸಬೇಕೆಂದು ತರುಣ ಮುದ್ರಕ ಬೆಂಜಮಿನ್ ಫ್ರಾಂಕ್ಲಿನನು ಗುಟ್ಟಾಗಿ ಯೋಚಿಸಿದ್ದನು. ಗುಟ್ಟು ಅವನ ಹಳೆಯ ಯಜಮಾನ ಸ್ಯಾಮ್ಯುಅಲ್ ಕೀಮರನ ಕಿವಿಗೆ ಬಿದ್ದು, ಅವನೇ ಮುಂದಾಗಿ ಅದೇ ವರ್ಷದ ಡಿಸೆಂಬರಿನಲ್ಲಿ ತನ್ನ ಪತ್ರಿಕೆಯನ್ನು ಹೊರಡಿಸಿದನು. ಪುಟ ತುಂಬಿಸಲು ಚೇಂಬರ್ಸನ ವಿಶ್ವಕೋಶವನ್ನು ಅಕಾರಾದಿಯಾಗಿ ಅಚ್ಚುಹಾಕತೊಡಗಿದುದು ಅವನ ದುರ್ದೈವ. ಮೊದಲಕ್ಷರದಲ್ಲಿಯೇ ಗರ್ಭಪಾತದ ಲೇಖನ ಬಂದಿತು. ಕೂಡಲೆ, 1729ರ ಜನವರಿಯಲ್ಲಿ, ಮರ್ಕ್ಯುರಿಯಲ್ಲಿ ಇಬ್ಬರು ಸ್ತ್ರೀಯರ ಕಾಗದಗಳು ಅಚ್ಚಾದುವು. ಹೆಂಗಸರ ಮರ್ಯಾದೆಗೆ ಕುಂದು ತಂದ ಮುದ್ರಕನಿಗೆ ಅವುಗಳಲ್ಲಿ ಬೆದರಿಕೆ. ಸ್ತ್ರೀಯರಿಬ್ಬರೂ ಫ್ರಾಂಕ್ಲಿನನೇ. ತನಗೆ ಪತ್ರಿಕೆಯಿಲ್ಲದುದರಿಂದ ಒಬ್ಬ ಪ್ರತಿಸ್ಪರ್ಧಿಯ ಅಂಗಳದಲ್ಲಿ ನಿಂತು ಇನ್ನೊಬ್ಬನ ಮೇಲೆ ಕಲ್ಲೆಸೆದನು.

ಫೆಬ್ರವರಿಯಿಂದ 'ಬಿಜಿ ಬಾಡಿ' ಎಂಬ ಕಲ್ಪಿತ ನಾಮದಲ್ಲಿ ಲೇಖನಮಾಲೆ ಆರಂಭವಾಯಿತು. ಇದರಲ್ಲಿ ಕೆಲವು ಫ್ರಾಂಕ್ಲಿನನವು, ಉಳಿದುವು ಅವನ ಮಿತ್ರ ಜೋಸೆಫ್ ಬ್ರೈಂಟ್ನಲನವು. ಮೂರನೆಯ ಲೇಖನದಲ್ಲಿ ಕ್ರೆಟಿಕೊ ಎಂಬ ಕಹಿಸ್ವಭಾವದ ತತ್ತ್ವಜ್ಞನೊಬ್ಬನ ಚಿತ್ರವಿದೆ. ಇದು ತಾನೇ ಎಂದು ಕೀಮರನು ಸಿಡಿದೆದ್ದು ತನ್ನ ಪತ್ರಿಕೆಯಲ್ಲಿ ಉತ್ತರ ಬರೆದನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತಾಯಿತು. ಶರತ್ಕಾಲದ ಹೊತ್ತಿಗೆ ಚಂದಾದಾರರು ಹೆಚ್ಚೆಂದರೆ ತೊಂಬತ್ತು. ಫ್ರಾಂಕ್ಲಿನನು ಅಲ್ಪಬೆಲೆಗೆ ಅದನ್ನು ಕೊಂಡು 'ಪೆನ್ಸಿಲ್ವೇನಿಯ ಗೆಜೆಟ್' ಎಂದು ನಡೆಸಿದನು. ಕೀಮರನು ಬಾರ್ಬಡೋಸ್ ದ್ವೀಪಕ್ಕೆ ಹೊರಟುಹೋದನು.

ಈ ಬರಹದಲ್ಲಿ ಎರಡು ಜಾತಿಗಳಿವೆ ಎಂಬುದು ನಮ್ಮ ಮತ. ಕೀಮರನನ್ನು ಮರೆತು ಓದಿದರೂ ಕ್ರೆಟಿಕೊ ಉಳಿಯುವನು. ಅಂಥವನನ್ನು ನಾವು ನಮ್ಮೂರಿನಲ್ಲಿಯೂ ಕಂಡಿದ್ದೇವೆ. ವ್ಯಕ್ತಿಯಿಂದ ಹೊರಟು ಪ್ರಕೃತಿಯನ್ನು ಮುಟ್ಟಿದ ಈ ವಿಡಂಬನೆ ಕುಕವಿನಿಂದೆಯ ಬಂಧುವೇ ಸರಿ. ಸ್ತ್ರೀವೇಷದ ಆ ಕಾಗದಗಳು ಹಾಗಲ್ಲ. ಅವುಗಳ ಚಾತುರ್ಯವನ್ನು ಮೆಚ್ಚಬಹುದು; ಆದರೆ ಗುರಿಯನ್ನು ತೆಗೆದರೆ ಬಾಣವೂ ಇಲ್ಲ. ಫ್ರಾಂಕ್ಲಿನನ ಭಕ್ತರು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆತ್ಮಕಥೆಯ 1771ರ ಭಾಗದಲ್ಲಿ ಕೀಮರನನ್ನು ಗೇಲಿಮಾಡಿದುದನ್ನು ಅವನೇ ಒಪ್ಪಿಕೊಂಡಿರುವನು. 1788ರ ಭಾಗದಲ್ಲಿಯಾದರೋ, ತನ್ನ ಪತ್ರಿಕೆಯೊಳಕ್ಕೆ ವ್ಯಕ್ತಿನಿಂದೆಯನ್ನು ಬಿಟ್ಟುಕೊಳ್ಳಲಿಲ್ಲವೆಂದು ಹೆಮ್ಮೆಪಡುವನು. ತನ್ನ ಪತ್ರಿಕೆ ಎಂಬ ಮಾತನ್ನು ಓದುಗರು ಗಮನಿಸಬೇಕು.

ಎರಡನೆಯ ಜಾತಿಯೇ ಮುಂದೆ ರಾಜ್ಯಕಾರಣದಲ್ಲಿ ಬೆಳೆಯಿತು. 1792ರ ಜುಲೈಯಲ್ಲಿ ಫೆನೋ ಎಂಬವನ ಗೆಜೆಟ್ಟಿನಲ್ಲಿ 'ಟಿ. ಎಲ್.' ಎಂಬೆರಡು ಅಕ್ಷರಗಳ ಮರೆಯಿಂದ ಒಂದು ಪ್ರಶ್ನೆ ಬಂದಿತು: ವಿರೋಧಪತ್ರಿಕೆಯ ಸಂಪಾದಕನಾದ ಕವಿ ಫಿಲಿಪ್ ಫ್ರೆನೋ ಸರ್ಕಾರದಿಂದ ಪಡೆಯುವ ಸಂಬಳ ಭಾಷಾಂತರಕ್ಕೋ, ಸರ್ಕಾರವನ್ನೇ ಬಯ್ಯುವುದಕ್ಕೋ? ಸಂಬಳ ವರ್ಷಕ್ಕೆ 250 ಡಾಲರು, ಕೊಟ್ಟವನು ಜೆಫರ್ಸನ್, ಕೇಳಿದವನು ಅರ್ಥಸಚಿವ ಹ್ಯಾಮಿಲ್ಟನ್. ಫ್ರೆನೋ ಪ್ರಮಾಣಪತ್ರ ಬರೆದು ನಿರಾಕರಿಸಿದನು. ತನ್ನ ಸಚಿವರ ಜಗಳಕ್ಕೆ ಬೇಸತ್ತ ವಾಷಿಂಗ್‌ಟನ್ನನು ಇಬ್ಬರಿಗೂ ಕಾಗದ ಬರೆಯಬೇಕಾಯಿತು. ಪ್ರಶ್ನೆ ನ್ಯಾಯವಾದುದೇ ಇರಬಹುದು. ಆದರೆ ಅದನ್ನು ಹೆಸರು ಹಾಕಿ ಕೇಳಿದ್ದರೆ, ಕೇಳುವವನ ಸ್ವಾರ್ಥವನ್ನೂ ಓದುಗನು ತೂಗಿ ನೋಡುತ್ತಿದ್ದನು. ಆ ತೂಕವನ್ನು ತಪ್ಪಿಸುವುದಕ್ಕಾಗಿಯೇ ಇಲ್ಲಿ ಹೆಸರು ಮರೆಯಾಯಿತು. 'ಬಿಜಿ ಬಾಡಿ'ಯ ಮುಖವಾಡಕ್ಕೆ ತನ್ನದೇ ಒಂದು ಮುಖವಿತ್ತು, 'ಟಿ. ಎಲ್.' ಎಂಬುದಕ್ಕೆ ಮುಖವೇ ಇಲ್ಲ.

ನಮ್ಮ ಹಳೆಯ ಪತ್ರಿಕೆಗಳ ಕಡತಗಳನ್ನು ಶೋಧಿಸುವವರು 'ಒಬ್ಬ ಓದುಗ', 'ಸತ್ಯಪ್ರಿಯ' ಮುಂತಾದ ಸಹಿಗಳನ್ನು ಕಂಡಾಗ ಕರ್ತೃ ಯಾರೆಂಬುದನ್ನಷ್ಟೇ ಹುಡುಕಿ ತೃಪ್ತರಾಗುವುದುಂಟು. ಆ ಸಹಿ ಒಂದು ಪಾತ್ರವಾಗಿ ಬೆಳೆದಿದೆಯೇ, ಅಥವಾ ಬರಿಯ ಗೋಡೆಯೇ ಎಂಬುದನ್ನೂ ಅವರು ಗುರುತಿಸಿ ಬರೆದಿಟ್ಟರೆ, ನಮ್ಮ ಗದ್ಯವಿಡಂಬನೆಯ ಚರಿತ್ರೆಯನ್ನು ಬರೆಯುವವರಿಗೆ ಬೇಕಾದ ಸಾಮಗ್ರಿ ಒದಗುವುದು.