ಸಂವೇದಕಗಳ ಸಾಕ್ಷ್ಯ: ಬಹುಮತದ ತೀರ್ಪು ಎಷ್ಟು ಸರಿ?

ತಿರುವಿನಲ್ಲಿ ಕಾರು ಜಾರತೊಡಗಿದಾಗ, ಚಾಲಕ ಎಚ್ಚೆತ್ತುಕೊಳ್ಳುವ ಮೊದಲೇ ತಕ್ಕ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಅದನ್ನು ದಾರಿಗೆ ತರುವ ವ್ಯವಸ್ಥೆಯೇ ವಿದ್ಯುನ್ಮಾನ ಸ್ಥಿರತಾ ನಿಯಂತ್ರಣ, ಚಿಕ್ಕದಾಗಿ ಇ.ಎಸ್.ಸಿ. ಜರ್ಮನಿಯ ಬಾಷ್ ಮತ್ತು ಮರ್ಸಿಡಿಸ್-ಬೆಂಜ್ ಸಂಸ್ಥೆಗಳು ಇದನ್ನು 1995ರಲ್ಲಿ ಬಳಕೆಗೆ ತಂದವು. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ನಡೆಸಿದ ಪರೀಕ್ಷೆಯಲ್ಲಿ ಮರ್ಸಿಡಿಸ್‌ನ ಎ-ಕ್ಲಾಸ್ ಕಾರು ಮಗುಚಿಬಿದ್ದ ಮೇಲೆ ಆ ಮಾದರಿಯ ಎಲ್ಲ ಕಾರುಗಳಿಗೂ ಇದನ್ನು ಅಳವಡಿಸಲಾಯಿತು.

ಚಾಲಕನ ಅಪ್ಪಣೆಯಿಲ್ಲದೆ ಬ್ರೇಕ್ ಹಾಕುವ ಅಧಿಕಾರ ಇರುವ ವ್ಯವಸ್ಥೆ ಇದು. ಆದ್ದರಿಂದ ಅದಕ್ಕೆ ಸುದ್ದಿ ಕೊಡುವ ಸಂವೇದಕ ಸುಳ್ಳು ಹೇಳಿದರೆ, ನೇರ ರಸ್ತೆಯಲ್ಲಿ ಹೋಗುತ್ತಿರುವ ಕಾರೇ ಪಕ್ಕಕ್ಕೆ ಎಳೆಯಬಹುದು. ಸುಳ್ಳನ್ನು ಪತ್ತೆಹಚ್ಚುವ ಈಗಿನ ವಿಧಾನ ಎಷ್ಟು ಗಟ್ಟಿ, ಎಲ್ಲಿ ಸಡಿಲ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ನಾಲ್ಕು ಬಗೆಯ ಸಾಕ್ಷಿಗಳು

ಇ.ಎಸ್.ಸಿ.ಯಲ್ಲಿ ನಾಲ್ಕು ಚಕ್ರಗಳ ವೇಗ, ಸ್ಟೀರಿಂಗ್ ಕೋನ, ಪಾರ್ಶ್ವ ವೇಗೋತ್ಕರ್ಷ, ಮತ್ತು ಲಂಬ ಅಕ್ಷದ ಸುತ್ತ ಕಾರು ತಿರುಗುವ ಕೋನೀಯ ವೇಗ - ಇವುಗಳಿಗೆ ಬೇರೆ ಬೇರೆ ಸಂವೇದಕಗಳಿವೆ. ಕೊನೆಯದನ್ನು ಯಾ ದರ ಎನ್ನುತ್ತಾರೆ. ಪ್ರತಿಯೊಂದಕ್ಕೂ ಎರಡೆರಡು ಸಂವೇದಕ ಇಡುವುದು ದುಬಾರಿ. ಹಾಗಾಗಿ ಒಂದು ಅಳತೆಯನ್ನು ಉಳಿದವುಗಳಿಂದ ಲೆಕ್ಕಹಾಕಿ ತಾಳೆ ನೋಡುತ್ತಾರೆ.

ಉದಾಹರಣೆಗೆ, ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ವೇಗದಲ್ಲಿ 200 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸಾಗುವ ಕಾರನ್ನು ತೆಗೆದುಕೊಳ್ಳಿ. ವೇಗವನ್ನು ತ್ರಿಜ್ಯದಿಂದ ಭಾಗಿಸಿದರೆ ಯಾ ದರ ಸೆಕೆಂಡಿಗೆ 0.1 ರೇಡಿಯನ್, ಸುಮಾರು 5.7 ಡಿಗ್ರಿ. ಪಾರ್ಶ್ವ ವೇಗೋತ್ಕರ್ಷ 2 ಮೀ/ಸೆ² ಇರಬೇಕು. ಅದನ್ನು ವೇಗದಿಂದ ಭಾಗಿಸಿದರೂ 0.1 ಬರುತ್ತದೆ. ಎಡ-ಬಲ ಚಕ್ರಗಳ ನಡುವಿನ ಅಂತರ 1.5 ಮೀಟರ್ ಆದರೆ ಅವುಗಳ ವೇಗದ ವ್ಯತ್ಯಾಸ ಸೆಕೆಂಡಿಗೆ 0.15 ಮೀಟರ್, ಇದರಿಂದಲೂ ಅದೇ ಉತ್ತರ. ಸ್ಟೀರಿಂಗ್ ಕೋನದಿಂದ ನಾಲ್ಕನೆಯ ಲೆಕ್ಕ. ಮೂರು ಒಂದಾಗಿ ನಾಲ್ಕನೆಯದು ಬೇರೆಯಾದರೆ, ಅದೇ ಅಪರಾಧಿ. ಹೊಸ ಉಪಕರಣವಿಲ್ಲದೆ ಚಲನೆಯ ನಿಯಮಗಳನ್ನೇ ಕಾವಲಿಗೆ ನಿಲ್ಲಿಸುವ ಈ ಉಪಾಯ ನಿಜಕ್ಕೂ ಸೊಗಸಾದದ್ದು.

ತಕರಾರು ಎಲ್ಲಿ?

ಮೊದಲನೆಯದು, ರಸ್ತೆ ಮತ್ತು ಟೈರುಗಳೂ ಸಾಕ್ಷ್ಯವನ್ನು ತಿರುಚುತ್ತವೆ. ನೇರವಾದ ಆದರೆ ಪಕ್ಕಕ್ಕೆ 5 ಡಿಗ್ರಿ ವಾಲಿದ ರಸ್ತೆಯಲ್ಲಿ ಗುರುತ್ವದ ಒಂದು ಅಂಶವನ್ನು ಸಂವೇದಕ ಪಾರ್ಶ್ವ ವೇಗೋತ್ಕರ್ಷವೆಂದೇ ಅಳೆಯುತ್ತದೆ: ಸುಮಾರು 0.85 ಮೀ/ಸೆ². ಮೇಲಿನ ವೇಗದಲ್ಲಿ ಇದು ಸೆಕೆಂಡಿಗೆ 2.4 ಡಿಗ್ರಿಯ ಇಲ್ಲದ ತಿರುವು. ಟೈರಿನ ಕಥೆ ಇನ್ನೂ ವಿಚಿತ್ರ. ಒಂದೇ ಅಚ್ಚಿನ ಎರಡು ಚಕ್ರಗಳ ಉರುಳು ತ್ರಿಜ್ಯದಲ್ಲಿ ಶೇಕಡ 1ರಷ್ಟು, ಅಂದರೆ 300 ಮಿ.ಮೀ.ಗೆ 3 ಮಿ.ಮೀ. ವ್ಯತ್ಯಾಸವಿದ್ದರೆ, ಅಳೆದ ವೇಗಗಳ ಅಂತರ ಸೆಕೆಂಡಿಗೆ 0.2 ಮೀಟರ್. ನಿಜವಾದ ತಿರುವು ಕೊಡುವ 0.15ಕ್ಕಿಂತ ಇದೇ ಹೆಚ್ಚು! ನೇರ ಓಟದಲ್ಲಿ ಇಂತಹ ವ್ಯತ್ಯಾಸವನ್ನು ಕಲಿತು ಸರಿದೂಗಿಸಿಕೊಳ್ಳದ ಗಣಕ ಮೋಸಹೋಗುತ್ತದೆ.

ಎರಡನೆಯದು, ಸಾಕ್ಷಿಗಳು ಪರಸ್ಪರ ಸ್ವತಂತ್ರವಲ್ಲ. ಸ್ಟೀರಿಂಗ್ ಕೋನದ ಲೆಕ್ಕಕ್ಕೂ ವೇಗೋತ್ಕರ್ಷದ ಲೆಕ್ಕಕ್ಕೂ ಕಾರಿನ ವೇಗ ಬೇಕು. ಆ ವೇಗ ಬರುವುದು ಚಕ್ರಗಳಿಂದ. ಯಾ ದರದ ಮತ್ತು ವೇಗೋತ್ಕರ್ಷದ ಸಂವೇದಕಗಳು ಎಷ್ಟೋ ಕಾರುಗಳಲ್ಲಿ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಪೆಟ್ಟಿಗೆಯ ಬೋಲ್ಟ್ ಸಡಿಲವಾದರೆ ಎರಡರ ಮಾತೂ ಕೆಡುತ್ತದೆ. ಒಂದೇ ಮೂಲದಿಂದ ಕೇಳಿ ಬಂದ ಸಾಕ್ಷಿಗಳ ತಲೆ ಎಣಿಸಿ ತೀರ್ಪು ಕೊಡುವುದು ನ್ಯಾಯವಲ್ಲ.

ಮೂರನೆಯದೇ ಮುಖ್ಯ. ಮೇಲಿನ ಸರಳ ಲೆಕ್ಕಗಳೆಲ್ಲ ಟೈರು ರಸ್ತೆಯನ್ನು ಚೆನ್ನಾಗಿ ಹಿಡಿದು, ಕಾರು ಒಂದೇ ಸಮನೆ ತಿರುಗುತ್ತಿರುವಾಗ ಮಾತ್ರ ನಿಜ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರಗಳು ಜಾರಿದರೆ ಸ್ಟೀರಿಂಗ್ ಹೆಚ್ಚು ತಿರುವು ಹೇಳುತ್ತದೆ, ಯಾ ದರ ಕಡಿಮೆ ಹೇಳುತ್ತದೆ. ಇ.ಎಸ್.ಸಿ. ಕೆಲಸ ಆರಂಭಿಸುವುದು ಈ ವ್ಯತ್ಯಾಸವನ್ನು ನೋಡಿಯೇ. ಸಂವೇದಕದ ದೋಷದ ಗುರುತೂ ಇದೇ ವ್ಯತ್ಯಾಸ! ಇದು ಜಾರುವಿಕೆಯೋ, ಸಂವೇದಕದ ಸುಳ್ಳೋ? ಮಿತಿಯನ್ನು ಬಿಗಿಮಾಡಿದರೆ ಅಗತ್ಯವಿದ್ದಾಗಲೇ ವ್ಯವಸ್ಥೆ ತನ್ನನ್ನು ತಾನು ಆರಿಸಿಕೊಂಡೀತು. ಸಡಿಲಿಸಿದರೆ ದೋಷ ನುಸುಳೀತು. ಆದ್ದರಿಂದ ತಾಳೆ ನೋಡುವ ಕೆಲಸ ಶಾಂತ ಓಟದಲ್ಲೇ ಮುಗಿಯಬೇಕು. ಜಾರುವ ಕ್ಷಣದಲ್ಲೇ ಹುಟ್ಟುವ ದೋಷಕ್ಕೆ ಸಂವೇದಕದೊಳಗಿನ ಸ್ವಯಂಪರೀಕ್ಷೆಯೇ ದಿಕ್ಕು.

ಪಠ್ಯದ ಕೊರತೆ

ಸ್ಟೀವನ್ ಡಿಂಗ್ ಅವರು ಮಾದರಿ ಆಧಾರಿತ ದೋಷಪತ್ತೆಯನ್ನು ಕುರಿತು 2008ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ ಕಾರಿನ ಪಾರ್ಶ್ವ ಚಲನೆ ಒಂದು ಉದಾಹರಣೆ. ಅಲ್ಲಿ ಬಳಸಿರುವುದು ಎಡ-ಬಲ ಚಕ್ರಗಳನ್ನು ಒಂದೇ ಎಂದು ಭಾವಿಸುವ, ಬೈಸಿಕಲ್‌ನಂಥ ಮಾದರಿ. ಗಣಿತ ಕಲಿಯಲು ಅದು ಬಹಳ ಅನುಕೂಲ. ಆದರೆ ಎಡ-ಬಲ ಟೈರುಗಳ ವ್ಯತ್ಯಾಸ ಅಂಥ ಮಾದರಿಯ ಕಣ್ಣಿಗೇ ಬೀಳದು ಎಂಬುದನ್ನು ವಿದ್ಯಾರ್ಥಿಗೆ ಹೇಳಿಕೊಡಬೇಕು.

ಗ್ಯಾರೇಜಿನ ಕಡೆ ಕೊರತೆ ಬೇರೆ ಥರದ್ದು. ತಪಾಸಣಾ ಯಂತ್ರ 'ಸ್ಟೀರಿಂಗ್ ಕೋನ ನಂಬಲರ್ಹವಲ್ಲ' ಎಂದರೆ ಸಂವೇದಕವನ್ನೇ ಬದಲಿಸಿಬಿಡುವ ರೂಢಿ ಇದೆ. ಸಂಕೇತ ಹೇಳುವುದು ಯಾವ ಅಳತೆ ತಾಳೆಯಾಗಲಿಲ್ಲ ಎಂದಷ್ಟೇ. ಏಕೆ ಎಂದು ಹೇಳುವುದಿಲ್ಲ. ವೀಲ್ ಅಲೈನ್‌ಮೆಂಟ್ ಆದ ಮೇಲೆ ಶೂನ್ಯವನ್ನು ಮತ್ತೆ ಗೊತ್ತುಮಾಡದಿದ್ದರೂ, ಕನೆಕ್ಟರಿನಲ್ಲಿ ನೀರಿಳಿದರೂ, ಟೈರುಗಳ ಅಳತೆ ಬೆರಕೆಯಾದರೂ ಇಂಥ ಸಂಕೇತ ಬರಬಹುದು.

ಸರಿಯಾದ ಕ್ರಮ ಹೀಗಿರಬೇಕು. ಮೊದಲು ಟೈರು, ತಂತಿ, ಬ್ಯಾಟರಿ ವೋಲ್ಟೇಜು ನೋಡುವುದು. ಆಮೇಲೆ ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ ಯಾ ದರ ಮತ್ತು ಪಾರ್ಶ್ವ ವೇಗೋತ್ಕರ್ಷ ಸೊನ್ನೆಯ ಹತ್ತಿರವಿವೆಯೇ ಎಂದು ಓದುವುದು. ನಂತರ ಗೊತ್ತಿರುವ ತ್ರಿಜ್ಯದ ವೃತ್ತದಲ್ಲಿ ನಿಧಾನವಾಗಿ ಓಡಿಸಿ ನಾಲ್ಕೂ ಲೆಕ್ಕಗಳನ್ನು ಹೋಲಿಸುವುದು. ಭಾಗ ಬದಲಿಸುವ ಮಾತು ಕೊನೆಗೆ.

ಈ ಲೆಕ್ಕಗಳಿಗೆ ಪಿ.ಯು.ಸಿ. ಭೌತವಿಜ್ಞಾನ ಸಾಕು. ವೃತ್ತೀಯ ಚಲನೆಯ ಪಾಠದಲ್ಲಿ ಅಧ್ಯಾಪಕರು ಇವನ್ನು ಬಿಡಿಸಲು ಕೊಡಬಹುದು; ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಬಹುದು: ಎರಡು ಅಳತೆಗಳು ತಾಳೆಯಾಗದಿದ್ದರೆ, ತಪ್ಪಿರುವುದು ಅಳತೆಯಲ್ಲೋ, ನಾವು ಬಳಸಿದ ಸೂತ್ರದ ಊಹೆಯಲ್ಲೋ?